ಬ್ರಿಡ್ಜ್ ಆಟದಲ್ಲಿ ಅದೃಷ್ಟದ ಪಾಲೆಷ್ಟು?

ಇಸ್ಪೀಟಾಟವೆಂದೊಡನೆ ಅದು ಬರಿಯ ಅದೃಷ್ಟದ ಆಟವೆಂದು ಹೇಳಿ ಮುಗಿಸಿಬಿಡುವವರು ನಮ್ಮಲ್ಲಿ ಅನೇಕರುಂಟು. ಒಳ್ಳೆಯ ಎಲೆ ಬಂದವನು ಗೆದ್ದ, ಕೆಟ್ಟ ಎಲೆ ಬಂದವನು ಸೋತ; ಇದರಲ್ಲಿ ಬುದ್ಧಿಗೇನು ಕೆಲಸವೆಂಬುದು ಅವರ ವಾದ. ಆದರೆ ಬ್ರಿಡ್ಜ್ ಆಟದಲ್ಲಿ ದೇಶದೇಶಗಳ ನಡುವೆ ಪಂದ್ಯಗಳು ನಡೆಯುತ್ತವೆ. ೨೦೧೮ರಲ್ಲಿ ಜಕಾರ್ತದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಎಂಬ ಜೋಡಿ ಚಿನ್ನದ ಪದಕವನ್ನು ಗೆದ್ದಿತು. ಬರಿಯ ಅದೃಷ್ಟಕ್ಕೆ ಪದಕ ಕೊಡುವವರಾರು? ಹಾಗೆಂದು ಈ ಆಟದಲ್ಲಿ ಅದೃಷ್ಟಕ್ಕೆ ಎಡೆಯೇ ಇಲ್ಲವೆನ್ನಲೂ ಬಾರದು. ಅದರ ಪಾಲು ಎಷ್ಟು, ಅದು ಅಡಗಿರುವುದೆಲ್ಲಿ ಎಂಬುದನ್ನು ಸ್ವಲ್ಪ ವಿಚಾರಮಾಡೋಣ.

ಆಟದ ಕ್ರಮವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ೫೨ ಎಲೆಗಳನ್ನು ನಾಲ್ವರಿಗೆ ಹದಿಮೂರರಂತೆ ಹಂಚುತ್ತಾರೆ. ಎದುರುಬದುರು ಕುಳಿತವರು ಜೊತೆಗಾರರು. ನಾಲ್ವರೂ ಒಂದೊಂದು ಎಲೆಯನ್ನಿಳಿಸಿದರೆ ಒಂದು ಸುತ್ತು. ಹೀಗೆ ಹದಿಮೂರು ಸುತ್ತುಗಳು. ಆಟಕ್ಕೆ ಮೊದಲು ಹರಾಜಿನಂತೆ ಕೂಗು ನಡೆಯುತ್ತದೆ. ಹೆಚ್ಚು ಕೂಗಿದ ಜೋಡಿಯು ಅಷ್ಟು ಸುತ್ತುಗಳನ್ನು ಗೆದ್ದು ತೋರಿಸಬೇಕು. ಆ ಜೋಡಿಯಲ್ಲೊಬ್ಬನು ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಾಗುತ್ತಾನೆ. ಇವನಿಗೆ ‘ಡಮ್ಮಿ’ ಎಂದು ಹೆಸರು. ಇನ್ನೊಬ್ಬನು ಎರಡು ಕೈಗಳನ್ನೂ ತಾನೇ ಆಡಿಸುತ್ತಾನೆ. ಇಂದು ಬಳಕೆಯಲ್ಲಿರುವ ಅಂಕಗಳ ಪದ್ಧತಿಯನ್ನು ೧೯೨೫ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬಾತನು ಹಡಗಿನ ಪ್ರಯಾಣವೊಂದರಲ್ಲಿ ಪ್ರಯೋಗಿಸಿದನು.

ಒಬ್ಬನ ಕೈಗೆ ಬರಬಹುದಾದ ಹದಿಮೂರು ಎಲೆಗಳ ಬಗೆಗಳೆಷ್ಟು? ೬೩,೫೦೧ ಕೋಟಿ ೩೫ ಲಕ್ಷ ೫೯ ಸಾವಿರದ ೬೦೦! ನಾಲ್ಕು ಕೈಗಳನ್ನೂ ಗಣಿಸಿದರೆ ಬರುವ ಸಂಖ್ಯೆಯನ್ನು ಬರೆಯಲು ೨೯ ಅಂಕಿಗಳು ಬೇಕು. ವಿಶ್ವವು ಹುಟ್ಟಿದ ಸುಮಾರು ೧,೩೮೦ ಕೋಟಿ ವರ್ಷಗಳಿಂದಲೂ ಎಂಟುನೂರು ಕೋಟಿ ಜನರು ಬಿಡುವಿಲ್ಲದೆ ಸೆಕೆಂಡಿಗೊಂದರಂತೆ ಬೇರೆಬೇರೆ ಹಂಚಿಕೆ ಮಾಡುತ್ತ ಬಂದಿದ್ದರೂ ಅದರ ಹತ್ತನೆಯ ಒಂದು ಪಾಲು ಸಹ ಮುಗಿಯುತ್ತಿರಲಿಲ್ಲ. ಆದುದರಿಂದಲೇ ಎಷ್ಟು ವರ್ಷ ಆಡಿದರೂ ಈ ಆಟ ಹಳತಾಗದು.

ಕೆಟ್ಟ ಕೈಯ ಕಥೆಯೊಂದುಂಟು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಯಾರ್‌ಬರೊ ಪ್ರಭುವು ಒಂದು ಪಣವನ್ನೊಡ್ಡುತ್ತಿದ್ದನಂತೆ: ಒಂಬತ್ತಕ್ಕಿಂತ ದೊಡ್ಡ ಎಲೆ ಒಂದೂ ಇಲ್ಲದ ಕೈ ನಿಮಗೆ ಬಂದರೆ ನಾನು ೧,೦೦೦ ಪೌಂಡು ಕೊಡುವೆನು, ಬಾರದಿದ್ದರೆ ನೀವು ನನಗೆ ಒಂದು ಪೌಂಡು ಕೊಡಿ. ಎಂತಹ ಉದಾರಿ ಎನಿಸುವುದಲ್ಲವೆ? ಗಣಿತ ಬೇರೆಯೇ ಹೇಳುತ್ತದೆ. ಅಂತಹ ಕೈ ಬರುವುದು ಸರಾಸರಿ ೧,೮೨೮ಕ್ಕೆ ಒಂದು ಸಲ. ೧,೮೨೭ ಪೌಂಡು ಗಳಿಸಿ ೧,೦೦೦ ಪೌಂಡು ಕೊಟ್ಟರೆ ಉಳಿಯುವುದು ೮೨೭ ಪೌಂಡು. ಪ್ರಭುವಿನ ಔದಾರ್ಯದ ಗುಟ್ಟು ಇದು. ಅಂತಹ ಕೈಯನ್ನು ಇಂದಿಗೂ ಆಟಗಾರರು ಅವನ ಹೆಸರಿನಿಂದಲೇ ಕರೆಯುತ್ತಾರೆ.

ಇದಕ್ಕೆ ವಿರುದ್ಧವಾದ ವಿಚಿತ್ರವೂ ಒಮ್ಮೊಮ್ಮೆ ಪತ್ರಿಕೆಗಳಲ್ಲಿ ವರದಿಯಾಗುವುದುಂಟು. ನಾಲ್ವರಿಗೂ ಒಂದೊಂದು ಜಾತಿಯ ಹದಿಮೂರು ಎಲೆಗಳೂ ಬಂದುವಂತೆ! ನಿಜವಾಗಿ ಚೆನ್ನಾಗಿ ಕಲಸಿದ ಕಟ್ಟಿನಲ್ಲಿ ಹೀಗಾಗುವುದನ್ನು ಮಾನವಕುಲವು ಕಾಣುವ ಸಂಭವವೇ ಇಲ್ಲವೆನ್ನಬಹುದು. ಹಾಗಾದರೆ ಕಾರಣವೇನು? ಹೊಸ ಕಟ್ಟಿನಲ್ಲಿ ಎಲೆಗಳು ಜಾತಿವಾರು ಜೋಡಿಸಿರುತ್ತವೆ. ಅದನ್ನು ಸರಿಯಾಗಿ ಎರಡು ಭಾಗಮಾಡಿ, ಎರಡರ ಎಲೆಗಳೂ ಒಂದು ಬಿಟ್ಟೊಂದು ಸೇರುವಂತೆ ಎರಡು ಸಲ ಕಲಸಿದರೆ ನಾಲ್ಕು ಜಾತಿಗಳೂ ಸರದಿಯಂತೆ ಬಂದು ನಿಲ್ಲುತ್ತವೆ. ನಾಲ್ವರಿಗೆ ಹಂಚಿದೊಡನೆ ‘ಪವಾಡ’ ಸಿದ್ಧ! ಕೈಚಳಕವೇ ಇಲ್ಲಿ ಪವಾಡಕ್ಕೆ ಕಾರಣ. ಕೆಲವೊಮ್ಮೆ ಮಿತ್ರರ ಕುಚೇಷ್ಟೆಯೂ ಇರಬಹುದು.

ಕಲಸುವ ಕೆಲಸ ನಾವು ತಿಳಿದಷ್ಟು ಸುಲಭವಲ್ಲ. ಕಟ್ಟನ್ನು ಇಬ್ಭಾಗಿಸಿ ಕಲಸುವ ಕ್ರಮದಲ್ಲಿ ಸುಮಾರು ಏಳು ಸಲವಾದರೂ ಕಲಸಿದರೆ ಮಾತ್ರ ಹಿಂದಿನ ಕ್ರಮ ಅಳಿಯುವುದೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಕೋನಿಸ್ ಎಂಬ ಗಣಿತಜ್ಞರು ೧೯೯೨ರಲ್ಲಿ ಪ್ರಕಟಿಸಿದರು. ಆಟಗಾರರು ಇಷ್ಟು ಸಲ ಕಲಸುವುದು ವಿರಳ. ಹಿಂದಿನ ಆಟದಲ್ಲಿ ಒಂದೇ ಜಾತಿಯ ನಾಲ್ಕು ನಾಲ್ಕು ಎಲೆಗಳು ಒಟ್ಟಿಗೆ ಬಿದ್ದಿರುವುದರಿಂದ, ಅರೆಬರೆ ಕಲಸಿ ಹಂಚಿದಾಗ ಅವು ನಾಲ್ವರಿಗೂ ಸಮನಾಗಿ ಹರಡುತ್ತವೆ. ಈ ಸಾಧು ಹಂಚಿಕೆಗೆ ಒಗ್ಗಿದವರು, ಸ್ಪರ್ಧೆಗಳಲ್ಲಿ ಗಣಕಯಂತ್ರದಿಂದ ಹಂಚಿಕೆ ಆರಂಭವಾದಾಗ, ಯಂತ್ರವು ವಿಪರೀತವಾದ ಕೈಗಳನ್ನು ಕೊಡುತ್ತಿದೆಯೆಂದು ಗೊಣಗಿದರು. ಯಂತ್ರದಲ್ಲಿ ತಪ್ಪಿರಲಿಲ್ಲ. ಅವರಿಗೆ ಅಲ್ಲಿಯವರೆಗೆ ನಿಜವಾದ ಆಕಸ್ಮಿಕದ ಪರಿಚಯವೇ ಇರಲಿಲ್ಲ!

ಎಲೆ ಬರುವ ಅದೃಷ್ಟವನ್ನು ಕಳೆಯಲು ಸ್ಪರ್ಧೆಗಳಲ್ಲಿ ಒಂದು ಸೊಗಸಾದ ಉಪಾಯವಿದೆ. ಒಮ್ಮೆ ಹಂಚಿದ ನಾಲ್ಕು ಕೈಗಳನ್ನು ನಾಲ್ಕು ಗೂಡುಗಳುಳ್ಳ ತಟ್ಟೆಯಲ್ಲಿಟ್ಟು ಮೇಜಿನಿಂದ ಮೇಜಿಗೆ ಕಳುಹಿಸುತ್ತಾರೆ. ಅದೇ ಎಲೆಗಳನ್ನು ಹಿಡಿದ ಬೇರೆ ಜೋಡಿಗಳಿಗಿಂತ ನೀವು ಎಷ್ಟು ಚೆನ್ನಾಗಿ ಆಡಿದಿರಿ ಎಂಬುದೇ ಗಣನೆಗೆ ಬರುತ್ತದೆ. ಆದಕಾರಣ ಕೆಟ್ಟ ಕೈ ಬಂತೆಂದು ಅಳುವಂತಿಲ್ಲ. ಆ ಕಷ್ಟ ಎಲ್ಲರಿಗೂ ಸಮಾನ.

ಇಷ್ಟಾದರೂ ಅದೃಷ್ಟ ಹೊರಟುಹೋಗುವುದಿಲ್ಲ. ಮುಂಬಾಗಿಲಿನಿಂದ ಅಟ್ಟಿದರೆ ಹಿತ್ತಿಲ ಬಾಗಿಲಿನಿಂದ ಬರುತ್ತದೆ. ಒಂದು ಉದಾಹರಣೆಯನ್ನು ನೋಡೋಣ. ಆಟಗಾರನಿಗೂ ಡಮ್ಮಿಗೂ ಸೇರಿ ಆಟೀನಿನ ಎಂಟು ಎಲೆಗಳಿವೆ. ಎಕ್ಕ, ರಾಜ, ಗುಲಾಮ, ಹತ್ತು ಆಟಗಾರನ ಕೈಯಲ್ಲಿವೆ. ರಾಣಿಯೂ ಸೇರಿ ಉಳಿದ ಐದು ಎಲೆಗಳು ಎದುರಾಳಿಗಳಲ್ಲಿವೆ. ರಾಣಿಗೆ ಒಂದು ಸುತ್ತನ್ನೂ ಕೊಡಬಾರದು. ದಾರಿಗಳು ಎರಡು. ಎಕ್ಕವನ್ನೂ ರಾಜನನ್ನೂ ಇಳಿಸಿ, ರಾಣಿ ತಾನಾಗಿ ಬೀಳಲಿ ಎಂದು ಹಾರೈಸುವುದು ಒಂದು. ಎಕ್ಕವನ್ನಿಳಿಸಿದ ಮೇಲೆ ಡಮ್ಮಿಯಿಂದ ಚಿಕ್ಕ ಎಲೆಯನ್ನು ಆಡಿ, ರಾಣಿಯು ಬಲಗಡೆಯವನಲ್ಲಿದೆಯೆಂದು ನಂಬಿ, ಗುಲಾಮನನ್ನು ಹಾಕುವುದು ಇನ್ನೊಂದು. ಮೊದಲನೆಯದು ನೂರಕ್ಕೆ ಸುಮಾರು ೩೩ ಸಲ ಫಲಿಸುತ್ತದೆ. ಎರಡನೆಯದು ಸುಮಾರು ೫೧ ಸಲ.

ಒಂದು ಮೇಜಿನಲ್ಲಿ ನುರಿತ ಆಟಗಾರನು ಈ ಲೆಕ್ಕವನ್ನೆಲ್ಲ ಮಾಡಿ ಗಂಭೀರವಾಗಿ ಗುಲಾಮನನ್ನಿಳಿಸುತ್ತಾನೆ. ರಾಣಿ ಎಡಗಡೆಯವನಲ್ಲಿ! ಸುತ್ತು ಹೋಯಿತು, ಕೂಗಿದ ಮಾತೂ ಹೋಯಿತು. ಪಕ್ಕದ ಮೇಜಿನಲ್ಲಿ ಹೊಸಬನೊಬ್ಬನು ದೊಡ್ಡ ಎಲೆಗಳಿರುವುದೇ ಇಳಿಸುವುದಕ್ಕೆಂದು ಎಕ್ಕವನ್ನೂ ರಾಜನನ್ನೂ ಇಳಿಸುತ್ತಾನೆ. ಜೊತೆಗೆ ಒಂದೇ ಎಲೆಯನ್ನು ಹೊಂದಿದ್ದ ರಾಣಿ ಎರಡನೆಯ ಸುತ್ತಿನಲ್ಲಿ ಬಿದ್ದೇಬಿಡುತ್ತದೆ. ಪೂರ್ಣ ಅಂಕಗಳು ಅವನಿಗೆ. ಮೇಲೆ, ತನಗೆ ಮೊದಲೇ ಹಾಗೆ ತೋರಿತ್ತೆಂಬ ವಿವರಣೆ ಬೇರೆ! ವಿಕ್ಟರ್ ಮೊಲ್ಲೊ ಎಂಬ ಲೇಖಕನು ೧೯೬೫ರ ತನ್ನ ‘ಬ್ರಿಡ್ಜ್ ಇನ್ ದಿ ಮೆನಾಜರಿ’ ಎಂಬ ಪುಸ್ತಕದಲ್ಲಿ ಈ ಹಾಸ್ಯವನ್ನೇ ಬೆಳೆಸಿದ್ದಾನೆ. ಅಲ್ಲಿ ಹಂದಿಯೆಂಬ ಹೆಸರಿನವನು ಮಹಾ ಚತುರ, ಮಹಾ ಜಂಬಗಾರ. ಮೊಲವೆಂಬ ಹೆಸರಿನವನು ಎಲೆಗಳನ್ನು ಸಹ ನೆಟ್ಟಗೆ ನೋಡಿಕೊಳ್ಳದವನು. ಆದರೂ ಮೊಲದ ತಪ್ಪುಗಳೇ ಅದನ್ನು ಗೆಲ್ಲಿಸುತ್ತಿರುತ್ತವೆ.

ವಿಶ್ವಸ್ಪರ್ಧೆಗಳಿಗೂ ಇದು ತಪ್ಪಿದ್ದಲ್ಲ. ೧೯೭೫ರಲ್ಲಿ ಬರ್ಮುಡಾ ದ್ವೀಪದಲ್ಲಿ ಇಟಲಿಗೂ ಅಮೆರಿಕಕ್ಕೂ ನಡೆದ ಅಂತಿಮ ಪಂದ್ಯವು ಮುಗಿಯುತ್ತ ಬಂದಿತ್ತು. ಇಟಲಿಯ ಬೆಲ್ಲಡೊನ್ನ ಮತ್ತು ಗರೋಜೊ ಜೋಡಿ ಕಳಾವರನ್ನು ತುರುಪು ಮಾಡಿ ಹದಿಮೂರು ಸುತ್ತುಗಳನ್ನೂ ಗೆಲ್ಲುವೆವೆಂದು ಕೂಗಿತು. ತುರುಪಿನ ರಾಜನೇ ಅವರಲ್ಲಿರಲಿಲ್ಲ! ಆ ರಾಜ ಹಿಡಿಯಬಹುದಾದ ಕಡೆಯಲ್ಲೇ ಇದ್ದುದರಿಂದ ಮಾತು ನಡೆಯಿತು, ಇಟಲಿ ಗೆದ್ದಿತು. ಆ ಒಂದು ಎಲೆ ಆಚೆಯ ಕೈಯಲ್ಲಿದ್ದಿದ್ದರೆ ಪ್ರಶಸ್ತಿ ಅಮೆರಿಕದ ಪಾಲಾಗುತ್ತಿತ್ತು.

ಹಾಗಾದರೆ ಲೆಕ್ಕ ಕಲಿತು ಪ್ರಯೋಜನವೇನು? ಐವತ್ತೊಂದಕ್ಕೂ ಮೂವತ್ತಮೂರಕ್ಕೂ ಇರುವ ಅಂತರವನ್ನು ಅದೃಷ್ಟವು ಒಂದು ಸಂಜೆ ಮುಚ್ಚಬಲ್ಲದು. ಸಾವಿರ ಆಟಗಳಲ್ಲಿ ಮುಚ್ಚಲಾರದು. ಪ್ರಯೋಗಗಳು ಹೆಚ್ಚಿದಂತೆಲ್ಲ ಫಲವು ಸಂಭವನೀಯತೆಯ ಸಮೀಪಕ್ಕೆ ಬರುವುದು ಗಣಿತದ ನಿಯಮ. ಸ್ಪರ್ಧೆಗಳನ್ನು ದಿನಗಟ್ಟಲೆ ನಡೆಸುವುದಕ್ಕೆ ಇದೂ ಒಂದು ಕಾರಣ.

ಜೀವನದಲ್ಲಾದರೋ ಒಂದೇ ಹಂಚಿಕೆಯನ್ನು ಎರಡು ಸಲ ಆಡಲಾಗುವುದಿಲ್ಲ. ಮೋಡವನ್ನು ನೋಡಿ ಬಿತ್ತಿದ ರೈತನಿಗೆ ಮಳೆ ಕೈಕೊಟ್ಟರೆ ಅವನನ್ನು ಅವಿವೇಕಿಯೆನ್ನುತ್ತೇವೆ. ಕುರುಡು ಸಾಹಸ ಫಲಿಸಿದವನನ್ನು ದೂರದರ್ಶಿಯೆಂದು ಹೊಗಳುತ್ತೇವೆ. ಎರಡೂ ತಪ್ಪು ತೀರ್ಪುಗಳು. ಬ್ರಿಡ್ಜ್ ಬಲ್ಲವರು ಆಟ ಮುಗಿದೊಡನೆ, ಆ ಗಳಿಗೆಯಲ್ಲಿ ತಿಳಿದಿದ್ದಷ್ಟರಿಂದ ಉತ್ತಮವಾದ ದಾರಿ ಯಾವುದಾಗಿತ್ತೆಂದು ಕೇಳಿಕೊಳ್ಳುತ್ತಾರೆ. ಉತ್ತರ ತೃಪ್ತಿಕರವಾಗಿದ್ದರೆ ಸೋಲನ್ನು ನಕ್ಕು ಮರೆತು, ಮುಂದಿನ ತಟ್ಟೆಯಿಂದ ಎಲೆಗಳನ್ನು ಎತ್ತಿಕೊಳ್ಳುತ್ತಾರೆ.