ತೊಟ್ಟಿಗೆ ರಕ್ತದ ದಾರಿ

ಎರಡೂ ಸ್ತನಗಳ ಒಳಗಿನ ಅಂಗಾಂಶವನ್ನು ತೆಗೆಸಿಕೊಂಡಿರುವುದಾಗಿ ಹಾಲಿವುಡ್ ನಟಿ ಆಂಜೆಲಿನಾ ಜೋಲಿ 2013ರ ಮೇ ತಿಂಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದಾಗ, ಜನ ಮಾತಾಡಿದ್ದು ಅವರ ಧೈರ್ಯ ಮತ್ತು ದೋಷವಿದ್ದರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1 ಎಂಬ ಜೀನ್ ಬಗ್ಗೆ. ಅದೇ ಲೇಖನದಲ್ಲಿದ್ದ ಇನ್ನೊಂದು ವಿವರ ಅಷ್ಟಾಗಿ ಸುದ್ದಿಯಾಗಲಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲು, ಫೆಬ್ರವರಿ 2ರಂದು, ಅವರಿಗೆ ಇನ್ನೊಂದು ಸಣ್ಣ ಶಸ್ತ್ರಚಿಕಿತ್ಸೆ ಆಗಿತ್ತು. ಅದು ಮೊಲೆತೊಟ್ಟನ್ನು ಉಳಿಸಿಕೊಳ್ಳುವ ಸಿದ್ಧತೆ.

ತೊಟ್ಟಿಗೆ ರಕ್ತ ಎರಡು ಕಡೆಯಿಂದ ಬರುತ್ತದೆ: ಹಿಂದಿರುವ ಗ್ರಂಥಿಯ ಮೂಲಕ ಮತ್ತು ಸುತ್ತಲಿನ ಚರ್ಮದಡಿಯ ಸೂಕ್ಷ್ಮನಾಳಗಳ ಜಾಲದಿಂದ. ಗ್ರಂಥಿಯನ್ನು ತೆಗೆದರೆ ಮೊದಲ ದಾರಿ ಬಂದ್. ಉಳಿದ ಜಾಲ ಸಾಲದಿದ್ದರೆ ತೊಟ್ಟು ನೀಲಿಗಟ್ಟಿ, ಕಪ್ಪಾಗಿ, ಹಕ್ಕಳೆ ಕಟ್ಟುತ್ತದೆ. ಬಹಳ ಸಲ ಮೇಲ್ಪದರವಷ್ಟೇ ಸತ್ತು ಅಡಿಯಿಂದ ಹೊಸ ಚರ್ಮ ಬರುತ್ತದೆ. ಪೂರ್ತಿ ಸತ್ತರೆ ಕತ್ತರಿಸಿ ತೆಗೆಯಬೇಕು. ಕೆಲವೊಮ್ಮೆ ಅದರೊಂದಿಗೆ ಸ್ತನದ ಆಕಾರಕ್ಕಾಗಿ ಒಳಗಿಟ್ಟ ಇಂಪ್ಲಾಂಟ್ ಕೂಡ ಹೋಗುತ್ತದೆ. ಕ್ಯಾನ್ಸರ್ ಇದ್ದವರಿಗಂತೂ ಗಾಯ ಮಾಯದೆ ಕೀಮೋ ಮುಂದಕ್ಕೆ ಹೋಗುವ ಆತಂಕ ಬೇರೆ.

ಜೋಲಿಯವರಿಗೆ ಮಾಡಿದಂಥ ಸಿದ್ಧತೆಯಲ್ಲಿ ತೊಟ್ಟನ್ನು ಗ್ರಂಥಿಯಿಂದ ಬಿಡಿಸಿ ಮತ್ತೆ ಅಲ್ಲೇ ಕೂರಿಸುತ್ತಾರೆ. ಹೆದ್ದಾರಿ ಮುಚ್ಚಿದಾಗ ಓಣಿಗಳಿಗೆ ಸಂಚಾರ ಹರಿಯುವಂತೆ, ಚರ್ಮದ ನಾಳಗಳು ಒಂದೆರಡು ವಾರದಲ್ಲಿ ಹಿಗ್ಗಿ ಪೂರ್ತಿ ಹೊರೆಗೆ ಅಣಿಯಾಗುತ್ತವೆ. ತೊಟ್ಟಿನ ಹಿಂದಿನ ತುಣುಕೊಂದು ಪರೀಕ್ಷೆಗೂ ಹೋಗುತ್ತದೆ. ಅದರಲ್ಲಿ ಕ್ಯಾನ್ಸರ್ ಕಂಡರೆ ತೊಟ್ಟು ಉಳಿಸುವ ಮಾತಿಲ್ಲ.

ಚರ್ಮಕ್ಕೆ ರಕ್ತದ ದಾರಿ ಉಳಿಸಿಕೊಡುವ ಉಪಾಯಕ್ಕೆ ನಮ್ಮ ಕಡೆಯ ಹಳೆಯ ಕಥೆಯೂ ಉಂಟು. 1792ರ ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡಿದ್ದ ಕಾವಸ್‌ಜಿ ಎಂಬ ಎತ್ತಿನಾಳಿಗೆ ಪುಣೆ ಬಳಿಯ ಇಟ್ಟಿಗೆ ಕಸುಬಿನವನೊಬ್ಬ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ 1794ರಲ್ಲಿ ಅದನ್ನು ಅಚ್ಚುಮಾಡಿತು. ಹಣೆಯ ಚರ್ಮದ ಬುಡವನ್ನು ಆತ ಕೂಡಲೇ ಕತ್ತರಿಸಲಿಲ್ಲ. ಹೊಸ ಜಾಗದಲ್ಲಿ ಅದು ಬೇರೂರುವ ತನಕ ಕಾದ.

ತೊಟ್ಟು ಉಳಿಸಲು ಎಲ್ಲರಿಗೂ ಜೋಲಿಯವರಂತೆ ಎರಡೆರಡು ಶಸ್ತ್ರಚಿಕಿತ್ಸೆ ಬೇಕಿಲ್ಲ. ಕತ್ತರಿ ಎಲ್ಲಿ ಹಾಕುತ್ತಾರೆ ಎಂಬುದೇ ದೊಡ್ಡ ವಿಷಯ: ತೊಟ್ಟಿನ ಸುತ್ತ ಕೊಯ್ದರೆ ಚರ್ಮದಡಿಯ ನಾಳಗಳ ಜಾಲಕ್ಕೇ ಪೆಟ್ಟು, ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ದರೆ ಅಪಾಯ ಕಡಿಮೆ. ಚರ್ಮವನ್ನು ತೀರಾ ತೆಳುವಾಗಿ ಹೆರೆದರೆ ನಾಳಗಳೂ ಹೋಗುತ್ತವೆ, ದಪ್ಪ ಬಿಟ್ಟರೆ ಗ್ರಂಥಿ ಉಳಿದುಬಿಡುತ್ತದೆ. ನಿಕೋಟಿನ್ ನಾಳಗಳನ್ನು ಕಿರಿದಾಗಿಸುವುದರಿಂದ ವಾರಗಟ್ಟಲೆ ಮೊದಲೇ ಸಿಗರೇಟು ಬಿಡಿಸುತ್ತಾರೆ. ಸಕ್ಕರೆ ಕಾಯಿಲೆ, ಸ್ಥೂಲಕಾಯ, ಹಿಂದೆ ಪಡೆದ ರೇಡಿಯೇಷನ್ ಕೂಡ ಅಪಾಯವನ್ನು ಹೆಚ್ಚಿಸುತ್ತವೆ.

ಆಪರೇಷನ್ ಥಿಯೇಟರಿನಲ್ಲೇ ರಕ್ತದ ಹರಿವನ್ನು ನೋಡುವ ಉಪಾಯವೂ ಇದೆ. ಇಂಡೋಸಯನಿನ್ ಗ್ರೀನ್ ಎಂಬ ಬಣ್ಣವನ್ನು ರಕ್ತನಾಳಕ್ಕೆ ಚುಚ್ಚಿದರೆ, ಅತಿಗೆಂಪು ಸಮೀಪದ ಬೆಳಕು ಹಿಡಿಯುವ ಕ್ಯಾಮೆರಾದಲ್ಲಿ ರಕ್ತ ಹರಿಯುವ ಚರ್ಮ ಸ್ವಲ್ಪ ಹೊತ್ತಿನಲ್ಲೇ ಬೆಳಗುತ್ತದೆ. ಕಪ್ಪಾಗಿಯೇ ಉಳಿದ ಭಾಗ ಕಂಡರೆ ಪೂರ್ಣ ಗಾತ್ರದ ಇಂಪ್ಲಾಂಟ್ ತುರುಕುವುದಿಲ್ಲ. ಬದಲಿಗೆ ಚರ್ಮ ಹಿಗ್ಗಿಸುವ ಚೀಲವನ್ನು ಖಾಲಿ ಅಥವಾ ಅರೆ ತುಂಬಿಸಿಟ್ಟು ಚರ್ಮದ ಬಿಗಿತ ಕಡಿಮೆ ಮಾಡುತ್ತಾರೆ.

ಅಗ್ಗದ ಮದ್ದೂ ಒಂದಿದೆ. ಎದೆನೋವಿಗೆ ನಾಲಗೆಯಡಿ ಇಡುವ ನೈಟ್ರೋಗ್ಲಿಸರಿನ್ ಅನ್ನೇ ಶಸ್ತ್ರಚಿಕಿತ್ಸೆಯ ಬಳಿಕ ಸ್ತನದ ಚರ್ಮಕ್ಕೆ ಮುಲಾಮಾಗಿ ಹಚ್ಚಿ ಕೆನಡಾದ ವ್ಯಾಂಕೂವರ್‌ನಲ್ಲಿ 165 ಮಹಿಳೆಯರ ಮೇಲೆ ನಡೆಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಮುಲಾಮು ಹಚ್ಚಿದವರಲ್ಲಿ 33.8%, ಔಷಧ ಸಿಕ್ಕವರಲ್ಲಿ 15.3% ಮಂದಿಗೆ ಚರ್ಮ ಸತ್ತಿತ್ತು. ಅಂತರ ಎದ್ದು ಕಂಡಿದ್ದರಿಂದ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು.

ನರಗಳ ಮಾತು ಬೇರೆ. ರಕ್ತ ಹರಿದು ತೊಟ್ಟು ಉಳಿದರೂ, ಹೆಚ್ಚಿನವರಿಗೆ ಅಲ್ಲಿನ ಸ್ಪರ್ಶದ ಅರಿವು ಕುಂದುತ್ತದೆ ಅಥವಾ ಇಲ್ಲವಾಗುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಇದನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.