ರಾಗಿ ಮಾಲ್ಟ್: ಹುರಿಯುವ ಹದ ಹೇಗಿರಬೇಕು?

ದಕ್ಷಿಣ ಕರ್ನಾಟಕದ ಮನೆಗಳಲ್ಲಿ ಎಳೆ ಮಕ್ಕಳಿಗೆ ರಾಗಿ ಸರಿ ಮಾಡಿ ಉಣಿಸುವ ರೂಢಿ ಬಹಳ ಹಿಂದಿನದು. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದ್ದು, 100 ಗ್ರಾಂ ಕಾಳಿನಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟೇ ರಾಗಿ ಮಾಲ್ಟ್. ಹಿಟ್ಟು ಘಮಘಮಿಸಲೆಂದು ಕೆಲವರು ಕಾಳನ್ನು ಕಪ್ಪಾಗುವವರೆಗೆ ಹುರಿಯುವುದುಂಟು. ಇದರಿಂದ ಪರಿಮಳ ಹೆಚ್ಚುವುದು ನಿಜ. ಆದರೆ ಮೊಳಕೆಯಿಂದ ದೊರೆತ ಮುಖ್ಯ ಪ್ರಯೋಜನವೇ ಬಾಣಲೆಯಲ್ಲಿ ಹಾಳಾಗುತ್ತದೆ.

ಮೊಳಕೆಯ ಪ್ರಯೋಜನ

ಕಾಳು ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಉಂಟಾಗುತ್ತದೆ. ಇದು ಪಿಷ್ಟವನ್ನು ಒಡೆದು ಗಂಜಿಯನ್ನು ತೆಳುವಾಗಿಸುತ್ತದೆ. ಸಾದಾ ರಾಗಿ ಹಿಟ್ಟಿನ ಗಂಜಿ ಬೇಗನೆ ಗಟ್ಟಿಯಾಗುವುದರಿಂದ ತಾಯಂದಿರು ನೀರು ಬೆರೆಸುತ್ತಾರೆ. ಆಗ ಮಗುವಿನ ಪುಟ್ಟ ಹೊಟ್ಟೆ ತುಂಬುತ್ತದೆಯೇ ಹೊರತು ಸಾಕಷ್ಟು ಪೋಷಣೆ ದೊರೆಯುವುದಿಲ್ಲ. ಮಾಲ್ಟ್ ಹಿಟ್ಟನ್ನು ಹೆಚ್ಚು ಹಾಕಿದರೂ ಗಂಜಿ ಕುಡಿಯುವ ಹದದಲ್ಲಿರುತ್ತದೆ.

ತಯಾರಿಸುವ ಕ್ರಮ

ಕಲ್ಲು, ಹೊಟ್ಟು ತೆಗೆದ ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಬೇಕು. ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಇಟ್ಟು, ಆಗಾಗ್ಗೆ ನೀರು ಚಿಮುಕಿಸಬೇಕು. ಬೂಷ್ಟು ಹಿಡಿದ ಕಾಳನ್ನು ಉಪಯೋಗಿಸಬಾರದು. ಮೊಳೆತ ಕಾಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಉಜ್ಜಿ, ಮೊರದಲ್ಲಿ ಕೇರಿ ಬೇರುಗಳನ್ನು ತೆಗೆಯಬೇಕು. ಬೇರು ಉಳಿದರೆ ಹಿಟ್ಟು ಕಹಿಯಾಗುತ್ತದೆ. ತೇವವಿರುವ ಕಾಳನ್ನು ಬಾಣಲೆಗೆ ಹಾಕಲೇಬಾರದು. ತೇವವಿದ್ದಾಗ ಕಿಣ್ವ ಬಿಸಿಗೆ ಬೇಗ ನಾಶವಾಗುತ್ತದೆ.

ಮೂರು ಹದಗಳ ಹೋಲಿಕೆ

ರಾಗಿಯ ಸಿಪ್ಪೆ ಮೊದಲೇ ಕೆಂಗಂದು ಬಣ್ಣದ್ದು. ಆದ್ದರಿಂದ ಹೊರಬಣ್ಣದಿಂದ ಹದ ತಿಳಿಯದು. ಕಾಳನ್ನು ಒಡೆದು ತಿರುಳನ್ನು ನೋಡಬೇಕು.

1. ನಸು ಹುರಿತ: ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸಿ, ವಾಸನೆ ಬರತೊಡಗಿದೊಡನೆ ಇಳಿಸುವುದು. ತಿರುಳು ಬೆಳ್ಳಗಿರುತ್ತದೆ. ಕಿಣ್ವ ಬಹುಮಟ್ಟಿಗೆ ಉಳಿಯುತ್ತದೆ. ಯಂತ್ರದಲ್ಲಿ ಒಣಗಿಸುವವರು 70ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ.

2. ನಡು ಹುರಿತ: ತಿರುಳು ತಿಳಿಗಂದು. ಪರಿಮಳ ಹೆಚ್ಚು, ಕಿಣ್ವ ಕಡಿಮೆ.

3. ಕಪ್ಪು ಹುರಿತ: ತಿರುಳು ಕಡುಗಂದು. ಕಾಫಿಯಂಥ ವಾಸನೆ, ತುಸು ಕಹಿ. ಕಿಣ್ವ ಉಳಿಯುವುದಿಲ್ಲ. ಮಕ್ಕಳ ಬೆಳವಣಿಗೆಗೆ ಬೇಕಾದ ಲೈಸಿನ್ ಅಂಶವೂ ಕುಗ್ಗುತ್ತದೆ.

ಬೀರ್ ತಯಾರಿಕೆಯಲ್ಲಿ ಬಳಸುವ ಬಾರ್ಲಿ ಮಾಲ್ಟ್‌ಗೂ ಇದೇ ನಿಯಮ. ಇಂಗ್ಲೆಂಡಿನ ಡೇನಿಯಲ್ ವೀಲರ್ 1817ರಲ್ಲಿ ಮಾಲ್ಟನ್ನು ಕಪ್ಪಾಗಿ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದನು. ಅಂದಿನಿಂದ ಕಪ್ಪು ಬೀರಿಗೂ ಹೆಚ್ಚಿನ ಪಾಲು ತಿಳಿ ಮಾಲ್ಟನ್ನೇ ಹಾಕಿ, ಬಣ್ಣ ರುಚಿಗಳಿಗಷ್ಟೇ ಸ್ವಲ್ಪ ಕಪ್ಪು ಮಾಲ್ಟ್ ಬೆರೆಸುವುದು ಸಾಧ್ಯವಾಯಿತು. ಪಿಷ್ಟ ಒಡೆಯುವ ಕೆಲಸ ತಿಳಿ ಮಾಲ್ಟಿನದು.

ಮನೆಯಲ್ಲೂ ಹೀಗೆಯೇ ಮಾಡಬಹುದು. ದೊಡ್ಡವರ ಪಾನೀಯಕ್ಕೆ ಒಂಬತ್ತು ಪಾಲು ನಸು ಹುರಿದ ಹಿಟ್ಟಿಗೆ ಒಂದು ಪಾಲು ಕಪ್ಪು ಹುರಿದ ಹಿಟ್ಟು ಬೆರೆಸಿದರೆ ಪರಿಮಳವೂ ಬರುತ್ತದೆ, ಗುಣವೂ ಉಳಿಯುತ್ತದೆ. ಮಕ್ಕಳಿಗೆ ನಸು ಹುರಿತವೊಂದೇ ಸಾಕು. ಏಳು ಪಾಲು ರಾಗಿ ಮಾಲ್ಟ್‌ಗೆ ಮೂರು ಪಾಲು ಮೊಳಕೆ ಬರಿಸಿದ ಹೆಸರುಕಾಳಿನ ಹಿಟ್ಟು ಸೇರಿಸುವುದು ಉತ್ತಮ.

ಗಂಜಿ ಕಾಯಿಸುವಾಗ

ಕುದಿಯುವ ನೀರಿಗೆ ಹಿಟ್ಟು ಸುರಿದರೆ ಕಿಣ್ವ ಕೂಡಲೇ ನಾಶವಾಗುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿ ಮಾಡಿ, ಕೊನೆಗೆ ಚೆನ್ನಾಗಿ ಕುದಿಸಬೇಕು.

ಪರೀಕ್ಷೆ

ಮೂರು ಹದದ ಹಿಟ್ಟನ್ನು ತಲಾ 30 ಗ್ರಾಂ ತೆಗೆದುಕೊಂಡು, 200 ಮಿಲಿಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಹೀಗೆ ಕಾಯಿಸಿ, ಸೌಟಿನಿಂದ ಸುರಿದು ನೋಡಬೇಕು. ನಸು ಹುರಿದದ್ದು ಸರಾಗವಾಗಿ ಇಳಿಯುತ್ತದೆ. ಕಪ್ಪು ಹುರಿದದ್ದು ಹೆಚ್ಚು ಗಟ್ಟಿಯಾಗಿರುತ್ತದೆ. ಮಾಲ್ಟ್ ಮಾರುವ ಮಹಿಳಾ ಸಂಘಗಳು ಪ್ರತಿ ಸಲ ಹುರಿದಾಗಲೂ ಈ ಪರೀಕ್ಷೆ ಮಾಡಿದರೆ ಹಿಟ್ಟಿನ ಗುಣಮಟ್ಟ ಒಂದೇ ತೆರನಾಗಿರುತ್ತದೆ.