ಗ್ರಂಥದ ಮೇಲಿನ ಹೆಸರು: ವಿವಿಧ ಶಾಸ್ತ್ರಗಳಲ್ಲಿ ಕರ್ತೃತ್ವದ ಕಲ್ಪನೆ

ಒಂದು ಗ್ರಂಥವು ಕೈಗೆ ಬಂದೊಡನೆ ನಾವು ಅದರ ಹೆಸರನ್ನೂ ಅದನ್ನು ರಚಿಸಿದವರ ಹೆಸರನ್ನೂ ನೋಡುತ್ತೇವೆ. ಈ ಎರಡನೆಯ ಹೆಸರಿನ ಅರ್ಥವೇನೆಂಬುದನ್ನು ಮಾತ್ರ ನಾವು ವಿಚಾರಿಸುವುದು ವಿರಳ. ಬರೆದವನು ಕರ್ತೃವೆಂಬ ಉತ್ತರವು ಮೇಲ್ನೋಟಕ್ಕೆ ಸಾಕೆನಿಸುತ್ತದೆ. ಆದರೆ ಬರೆಯಿಸಿದವನು, ತಿದ್ದಿದವನು, ಸಾಮಗ್ರಿಯನ್ನು ಕೂಡಿಸಿದವನು, ಲೆಕ್ಕ ಹಾಕಿದವನು, ಓಲೆಗರಿಯನ್ನು ಕಾಪಾಡಿ ತಂದುಕೊಟ್ಟವನು, ಇವರ ಸ್ಥಾನವೇನು? ಈ ಪ್ರಶ್ನೆಗೆ ಸಾಹಿತ್ಯ ಸಂಶೋಧಕನು ಒಂದು ಉತ್ತರವನ್ನು ಕೊಟ್ಟರೆ ಗಣಿತಜ್ಞನು ಮತ್ತೊಂದನ್ನು, ವೈದ್ಯವಿಜ್ಞಾನಿಯು ಮಗುದೊಂದನ್ನು ಕೊಡುತ್ತಾನೆ. ಈ ಉತ್ತರಗಳನ್ನು ಒಂದೆಡೆ ಇಟ್ಟು ನೋಡುವುದೂ, ನಮ್ಮ ಪರಂಪರೆಯಲ್ಲಿ ಈ ವಿಷಯಕ್ಕೆ ಯಾವ ಆಧಾರವಿದೆಯೆಂದು ಪರಿಶೀಲಿಸುವುದೂ ಪ್ರಕೃತ ಲೇಖನದ ಉದ್ದೇಶ.

ಕರ್ತೃತ್ವವೆಂಬುದರಲ್ಲಿ ಎರಡು ಅಂಶಗಳು ಅಡಗಿವೆ. ಒಂದು ಶ್ರೇಯಸ್ಸು, ಮತ್ತೊಂದು ಹೊಣೆ. ಕೃತಿಯಲ್ಲಿ ಗುಣವಿದ್ದರೆ ಕೀರ್ತಿಯು ಯಾರಿಗೆ ಸಲ್ಲಬೇಕೆಂಬುದು ಮೊದಲನೆಯದು. ದೋಷವಿದ್ದರೆ ಉತ್ತರ ಹೇಳಬೇಕಾದವರು ಯಾರೆಂಬುದು ಎರಡನೆಯದು. ಇವೆರಡೂ ಕೂಡಿರುವವರೆಗೆ ತೊಡಕಿಲ್ಲ. ಶ್ರೇಯಸ್ಸು ಒಬ್ಬನಿಗೆ, ಶ್ರಮ ಮತ್ತೊಬ್ಬನಿಗೆ, ಹೊಣೆ ಯಾರಿಗೂ ಇಲ್ಲವೆಂಬ ಸ್ಥಿತಿ ಒದಗಿದಾಗಲೇ ವಿವಾದಗಳು ಹುಟ್ಟುವುವು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಉದಾಸೀನರಾಗಿದ್ದರೆಂದು ಹೇಳುವುದು ವಾಡಿಕೆಯಾಗಿದೆ. ಅದು ಪೂರ್ಣ ಸತ್ಯವಲ್ಲ. ಕ್ರಿ. ಶ. 634ರ ಐಹೊಳೆಯ ಪ್ರಶಸ್ತಿಯಲ್ಲಿ ರವಿಕೀರ್ತಿಯು ತನ್ನ ಹೆಸರನ್ನು ಹೇಳಿಕೊಂಡಿರುವುದಲ್ಲದೆ, ಕಾಳಿದಾಸ ಭಾರವಿಗಳಿಗೆ ಸಮಾನವಾದ ಕೀರ್ತಿಯು ತನ್ನದೆಂದೂ ಸಾರಿದ್ದಾನೆ. ಕನ್ನಡ ಶಾಸನಗಳ ಕೊನೆಯ ಪಂಕ್ತಿಗಳನ್ನು ಗಮನಿಸಿದವರಿಗೆ ಇನ್ನೊಂದು ಸಂಗತಿಯೂ ತಿಳಿದಿರುತ್ತದೆ. ಅನೇಕ ಶಾಸನಗಳಲ್ಲಿ ಪದ್ಯವನ್ನು ರಚಿಸಿದ ಕವಿ, ಅದನ್ನು ಬರೆದ ಲಿಪಿಕಾರ, ಕಲ್ಲಿನಲ್ಲಿ ಕಂಡರಿಸಿದ ರೂವಾರಿ ಇವರ ಹೆಸರುಗಳು ಬೇರೆಬೇರೆಯಾಗಿಯೇ ಬರುತ್ತವೆ. ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಕ್ರಿಯಾಪದವೂ ಇರುತ್ತದೆ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳನ್ನು ಇಂದಿಗೂ ಓದಬಹುದು. ಕಟ್ಟಿಸಿದ ವಿಷ್ಣುವರ್ಧನನ ಕೀರ್ತಿಯು ಕೆತ್ತಿದವನ ಹೆಸರನ್ನು ನುಂಗಿಹಾಕಲಿಲ್ಲ. ಯಾರು ಏನನ್ನು ಮಾಡಿದರೆಂಬುದನ್ನು ವಿಂಗಡಿಸಿ ಹೇಳುವ ಈ ಪದ್ಧತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಸಕ್ತಿಯು ಬರಲಿದೆ.

ಕಲ್ಲಿನಲ್ಲಿದ್ದ ಈ ಸ್ಪಷ್ಟತೆಯು ಓಲೆಗರಿಯಲ್ಲಿ ಎಲ್ಲ ಕಡೆಯೂ ಉಳಿಯಲಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಇದಕ್ಕೆ ಪ್ರಬಲವಾದ ನಿದರ್ಶನ. 1898ರಲ್ಲಿ ಇದನ್ನು ಸಂಪಾದಿಸಿ ಪ್ರಕಟಿಸಿದ ಕೆ. ಬಿ. ಪಾಠಕರು ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನೇ ಇದರ ಕರ್ತೃವೆಂದು ಭಾವಿಸಿದರು. ಆದರೆ ಗ್ರಂಥವು ತನ್ನನ್ನು ನೃಪತುಂಗದೇವನ ಅನುಮತವೆಂದು ಹೇಳಿಕೊಳ್ಳುತ್ತದೆ. ಅನುಮತವೆಂದರೆ ರಚನೆಯೆ, ಸಮ್ಮತಿಯೆ? ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ ಶ್ರೀವಿಜಯನ ಕವಿಮಾರ್ಗವನ್ನು ಸ್ತುತಿಸಿದ್ದಾನೆ. ಇಂತಹ ಆಧಾರಗಳನ್ನು ತೂಗಿನೋಡಿದ ತರುವಾಯದ ವಿದ್ವಾಂಸರಲ್ಲಿ ಅನೇಕರು, ರಾಜನ ಅಭಿಪ್ರಾಯಕ್ಕೆ ಒಪ್ಪುವಂತೆ ಆಸ್ಥಾನದ ಶ್ರೀವಿಜಯನು ಇದನ್ನು ರಚಿಸಿದನೆಂಬ ನಿರ್ಣಯಕ್ಕೆ ಬಂದಿದ್ದಾರೆ. ಒಂದು ಪದದ ಅರ್ಥದ ಮೇಲೆ ಕನ್ನಡದ ಮೊದಲ ಉಪಲಬ್ಧ ಗ್ರಂಥದ ಕರ್ತೃತ್ವವೇ ನಿಂತಿದೆಯೆಂದ ಮೇಲೆ, ಹೆಸರನ್ನು ಬರೆಯುವಾಗ ಎಷ್ಟು ಎಚ್ಚರವಿರಬೇಕೆಂಬುದನ್ನು ವಿವರಿಸಬೇಕಾಗಿಲ್ಲ.

ವಚನಕಾರರು ಅಂಕಿತವೆಂಬ ಬೇರೊಂದು ಉಪಾಯವನ್ನು ಕಂಡುಕೊಂಡರು. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ. ಇಲ್ಲಿ ಕವಿಯು ತನ್ನ ಹೆಸರನ್ನು ಮರೆಯಿಸಿ ಇಷ್ಟದೈವದ ಹೆಸರನ್ನು ಇರಿಸಿದ್ದಾನೆ. ಆದರೂ ಕರ್ತೃವಿನ ಗುರುತು ಉಳಿದಿದೆ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಫ. ಗು. ಹಳಕಟ್ಟಿಯವರಿಗೂ ಅವರ ಅನಂತರದ ಸಂಪಾದಕರಿಗೂ ಈ ಅಂಕಿತಗಳೇ ಮುಖ್ಯವಾದ ದಾರಿದೀಪ. ಆದರೆ ಅಂಕಿತವನ್ನು ಯಾರೂ ಎರವಲು ಪಡೆಯಬಹುದು. ಸರ್ವಜ್ಞನ ಹೆಸರಿನಿಂದ ಕೊನೆಗೊಳ್ಳುವ ತ್ರಿಪದಿಗಳೆಲ್ಲವೂ ಒಬ್ಬನವೇ ಎಂದು ಧೈರ್ಯವಾಗಿ ಹೇಳುವ ವಿದ್ವಾಂಸರಿಲ್ಲ. ಹೆಸರು ಪ್ರಮಾಣವಾಗುವಂತೆಯೇ ಆವರಣವೂ ಆಗಬಲ್ಲುದು.

ಹಾಗಾದರೆ ಕರ್ತೃತ್ವವನ್ನು ನಿರ್ಣಯಿಸುವ ಬಗೆ ಹೇಗೆ? ಇಲ್ಲಿ ಒಂದು ಶಾಸ್ತ್ರವು ಮತ್ತೊಂದರ ಬಾಗಿಲಿಗೆ ಹೋಗಲೇಬೇಕಾಗುತ್ತದೆ. ಪಂಪನ ಮನೆತನದ ವಿಚಾರವಾಗಿ ಕಾವ್ಯವು ಹೇಳದ ವಿವರಗಳನ್ನು ತೆಲಂಗಾಣದ ಕರೀಂನಗರದ ಬಳಿಯ ಕುರ್ಕ್ಯಾಲದ ಬಂಡೆಯ ಮೇಲೆ ಅವನ ತಮ್ಮ ಜಿನವಲ್ಲಭನು ಬರೆಯಿಸಿದ ಶಾಸನವು ತಿಳಿಸಿತು. ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿರುವ ಈ ಶಾಸನವು ಸಾಹಿತ್ಯ ಚರಿತ್ರೆಗೆ ಶಾಸನಶಾಸ್ತ್ರವು ಸಲ್ಲಿಸಿದ ದೊಡ್ಡ ಉಪಕಾರ. ಪುಣೆಯ ಭಾಂಡಾರಕರ ಪ್ರಾಚ್ಯ ಸಂಶೋಧನ ಸಂಸ್ಥೆಯು 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ, ವಿ. ಎಸ್. ಸುಖಠಣಕರರೂ ಅವರ ಅನುವರ್ತಿಗಳೂ ನಾನಾ ಲಿಪಿಗಳ ಪ್ರತಿಗಳನ್ನು ಹೋಲಿಸಿ, ಎಲ್ಲ ಶಾಖೆಗಳಿಗೂ ಹಿಂದಿನದೆನಿಸುವ ಪಾಠವನ್ನು ಹುಡುಕಿದರು.

ಇದೇ ಮಾರ್ಗದಲ್ಲಿ ಗಣಿತಜ್ಞನೊಬ್ಬನು ನಡೆದುದು ಇನ್ನೂ ಸ್ವಾರಸ್ಯಕರ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ದಾಮೋದರ ಧರ್ಮಾನಂದ ಕೋಸಂಬಿಯವರು ಭರ್ತೃಹರಿಯ ಸುಭಾಷಿತಗಳ ಮುನ್ನೂರಕ್ಕೂ ಮಿಕ್ಕ ಪ್ರತಿಗಳನ್ನು ಪರಿಶೀಲಿಸಿ 1948ರಲ್ಲಿ ಆವೃತ್ತಿಯೊಂದನ್ನು ಹೊರತಂದರು. ಭರ್ತೃಹರಿಯ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಎಂಟುನೂರಕ್ಕೂ ಹೆಚ್ಚು ಶ್ಲೋಕಗಳ ಪೈಕಿ ಸುಮಾರು 200ನ್ನು ಮಾತ್ರ ಅವರು ಮೂಲಸಂಗ್ರಹದವೆಂದು ಮೊದಲ ವರ್ಗದಲ್ಲಿ ಇರಿಸಿದರು. ಪ್ರಾಚೀನ ಅಂಕಮುದ್ರಿತ ನಾಣ್ಯಗಳನ್ನು ತೂಗಿ, ಕೈಯಿಂದ ಕೈಗೆ ಸಾಗಿದಂತೆ ನಾಣ್ಯವು ಸವೆಯುತ್ತದೆಂಬ ತತ್ತ್ವದಿಂದ ಅವುಗಳ ಚಲಾವಣೆಯ ಕಾಲವನ್ನು ಗಣಿಸಿದವರೂ ಅವರೇ. ಭಿನ್ನ ಶಾಸ್ತ್ರಗಳ ನಡುವಣ ಗೋಡೆಯು ಸಂಶೋಧಕನ ಮನಸ್ಸಿನಲ್ಲಿ ಮಾತ್ರವೇ ಇದೆಯೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಕಾಗಿಲ್ಲ.

ಕರ್ತೃನಿರ್ಣಯಕ್ಕೆ ಸಂಖ್ಯಾಶಾಸ್ತ್ರವನ್ನು ನೇರವಾಗಿ ಪ್ರಯೋಗಿಸಿದ ಪ್ರಸಿದ್ಧ ಉದಾಹರಣೆಯು ಅಮೆರಿಕದ್ದು. ಆ ದೇಶದ ಸಂವಿಧಾನವನ್ನು ಸಮರ್ಥಿಸಿ ಮೂವರು ಒಂದೇ ಗುಪ್ತನಾಮದಿಂದ ಬರೆದ 85 ಪ್ರಬಂಧಗಳಲ್ಲಿ 12ರ ಕರ್ತೃತ್ವವು ವಿವಾದಗ್ರಸ್ತವಾಗಿತ್ತು. 1964ರಲ್ಲಿ ಮೋಸ್ಟೆಲರ್ ಮತ್ತು ವಾಲೆಸ್ ಎಂಬ ವಿದ್ವಾಂಸರು, ಬರೆಯುವವನ ಗಮನಕ್ಕೆ ಬಾರದೆ ನುಸುಳುವ ಸಣ್ಣಪುಟ್ಟ ಪದಗಳ ಆವೃತ್ತಿಯನ್ನು ಎಣಿಸಿ, ಅವು ಮ್ಯಾಡಿಸನ್‌ನವೆಂದು ತೋರಿಸಿದರು. ತಾನು ಉದ್ದೇಶಪೂರ್ವಕವಾಗಿ ಬಳಸುವ ಪದಗಳನ್ನು ಲೇಖಕನು ವಿಷಯಕ್ಕೆ ತಕ್ಕಂತೆ ಬದಲಾಯಿಸಬಲ್ಲ. ಅರಿಯದೆ ಬಳಸುವ ಅವ್ಯಯಗಳನ್ನು ಬದಲಾಯಿಸುವುದು ಕಷ್ಟ. ಇದೇ ಈ ವಿಧಾನದ ಮರ್ಮ. 1971ರಲ್ಲಿ ಥಾಮಸ್ ಟ್ರೌಟ್‌ಮನ್ ಎಂಬವರು ಕೌಟಿಲೀಯ ಅರ್ಥಶಾಸ್ತ್ರದಲ್ಲಿ ‘ಚ’, ‘ವಾ’ ಮೊದಲಾದ ಅವ್ಯಯಗಳನ್ನು ಇದೇ ರೀತಿಯಲ್ಲಿ ಎಣಿಸಿ, ಆ ಗ್ರಂಥದ ಅಧಿಕರಣಗಳು ಒಂದೇ ಕೈಯಿಂದ ಬಂದವಲ್ಲವೆಂಬ ತೀರ್ಮಾನವನ್ನು ಮುಂದಿಟ್ಟರು.

ಅರ್ಥಶಾಸ್ತ್ರದ ಮಾತು ಬಂದಾಗ ಕನ್ನಡಿಗರಾದ ನಾವು ಒಂದು ಕ್ಷಣ ನಿಲ್ಲಬೇಕು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಗ್ರಂಥಲಿಪಿಯ ಓಲೆಗರಿಯಿಂದ ಅದನ್ನು ಗುರುತಿಸಿ 1909ರಲ್ಲಿ ಮುದ್ರಣಕ್ಕೆ ತಂದರು. 1915ರಲ್ಲಿ ಅವರ ಇಂಗ್ಲಿಷ್ ಅನುವಾದವು ಪುಸ್ತಕರೂಪದಲ್ಲಿ ಹೊರಬಂದಿತು. ಅವರ ಕೀರ್ತಿಯು ಜಗತ್ತಿಗೆಲ್ಲ ವ್ಯಾಪಿಸಿದುದು ನ್ಯಾಯವೇ. ಆದರೆ ಆ ಓಲೆಯ ಕಟ್ಟನ್ನು ಗ್ರಂಥಾಲಯಕ್ಕೆ ಒಪ್ಪಿಸಿದವರು ತಂಜಾವೂರು ಪ್ರಾಂತದ ಒಬ್ಬ ಪಂಡಿತರೆಂಬುದಷ್ಟೇ ಚರಿತ್ರೆಯಲ್ಲಿ ಪ್ರಸಿದ್ಧವಾಗಿ ಉಳಿದಿದೆ. ಶಾಸ್ತ್ರಿಗಳು ಅವರನ್ನು ಸ್ಮರಿಸಿದ್ದಾರೆ. ನಾವು ಅವರನ್ನು ಹೆಸರಿಟ್ಟು ಸ್ಮರಿಸಲಾರದವರಾಗಿದ್ದೇವೆ. ಆ ಕಟ್ಟು ಗೆದ್ದಲಿನ ಪಾಲಾಗಿದ್ದರೆ ಭಾರತದ ರಾಜನೀತಿಯ ಚರಿತ್ರೆಯೇ ಬೇರೆಯಾಗಿರುತ್ತಿತ್ತು. ಅವರು ಕರ್ತೃವಲ್ಲ, ಸಂಪಾದಕರೂ ಅಲ್ಲ. ಆದರೂ ಅವರಿಲ್ಲದೆ ಈ ಗ್ರಂಥವಿಲ್ಲ.

ಇನ್ನು ಆಧುನಿಕ ವಿಜ್ಞಾನಗಳ ಪದ್ಧತಿಯನ್ನು ನೋಡೋಣ. ಸಾಹಿತ್ಯ, ಚರಿತ್ರೆ, ತತ್ತ್ವಶಾಸ್ತ್ರಗಳಲ್ಲಿ ಸಾಮಾನ್ಯವಾಗಿ ಒಬ್ಬನೇ ಕರ್ತೃ. ನೆರವಾದವರಿಗೆ ಮುನ್ನುಡಿಯಲ್ಲಿ ಕೃತಜ್ಞತೆ. ಗಣಿತದಲ್ಲಿ ಇಬ್ಬರು ಮೂವರು ಸೇರಿದರೆ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಇಡುವುದು ರೂಢಿ. 1918ರ ವಿಭಜನಸಂಖ್ಯೆಗಳ ಪ್ರಬಂಧದಲ್ಲಿ ಹಾರ್ಡಿಯ ಹೆಸರು ಮೊದಲು, ರಾಮಾನುಜನ್ನರದು ಅನಂತರ ಬಂದುದರಿಂದ ಯಾರು ಹೆಚ್ಚು ಯಾರು ಕಡಮೆ ಎಂಬುದು ಸೂಚಿತವಾಗುವುದಿಲ್ಲ. ಜೀವವಿಜ್ಞಾನದಲ್ಲಿ ಹಾಗಲ್ಲ, ಅಲ್ಲಿ ಮೊದಲ ಹೆಸರು ಕೈಯಾರೆ ದುಡಿದವನದು, ಕೊನೆಯದು ಪ್ರಯೋಗಶಾಲೆಯ ಮುಖ್ಯಸ್ಥನದು ಎಂಬ ಸಂಕೇತವಿದೆ. ಕಣ ಭೌತವಿಜ್ಞಾನದಲ್ಲಿ ಯಂತ್ರವನ್ನು ಕಟ್ಟಿದವರಿಂದ ಹಿಡಿದು ಗಣನೆ ಮಾಡಿದವರವರೆಗೆ ಎಲ್ಲರ ಹೆಸರೂ ಬರುತ್ತದೆ. ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು 2015ರಲ್ಲಿ ಪ್ರಕಟವಾದ ಪ್ರಬಂಧಕ್ಕೆ 5154 ಮಂದಿ ಕರ್ತೃಗಳು. 33 ಪುಟಗಳಲ್ಲಿ ವಿಷಯಕ್ಕೆ ಮೀಸಲಾದವು 9, ಉಳಿದ 24 ಪುಟಗಳೂ ಹೆಸರುಗಳಿಗೆ ಹಾಗೂ ಸಂಸ್ಥೆಗಳಿಗೆ. ಆದ್ದರಿಂದ ಒಂದು ಶಾಸ್ತ್ರದ ರೂಢಿಯನ್ನು ಬಲ್ಲವನು ಮತ್ತೊಂದರ ಹೆಸರುಪಟ್ಟಿಯನ್ನು ಅದೇ ಕಣ್ಣಿನಿಂದ ಓದಿದರೆ ಮೋಸಹೋಗುತ್ತಾನೆ.

ರೂಢಿಯು ಇದ್ದಮಾತ್ರಕ್ಕೆ ನ್ಯಾಯವು ದೊರಕುವುದಿಲ್ಲ. 1948ರಲ್ಲಿ ವಿಶ್ವದ ಆರಂಭದಲ್ಲಿ ಮೂಲವಸ್ತುಗಳು ಹುಟ್ಟಿದ ಬಗೆಯನ್ನು ಕುರಿತ ಪ್ರಬಂಧವು ತರುಣ ಸಂಶೋಧಕನಾದ ಆಲ್ಫರನ ವ್ಯಾಸಂಗದ ಫಲ. ಗ್ರೀಕ್ ವರ್ಣಮಾಲೆಯ ಮೊದಲ ಮೂರು ಅಕ್ಷರಗಳನ್ನು ಹೋಲುವಂತಾಗಲೆಂಬ ವಿನೋದಕ್ಕಾಗಿ ಅವನ ಗುರು ಗ್ಯಾಮೋವನು ತಮ್ಮಿಬ್ಬರ ಹೆಸರುಗಳ ನಡುವೆ ಬೆಥೆಯ ಹೆಸರನ್ನು ಸೇರಿಸಿದನು. ವಿನೋದವು ಹಿರಿಯರಿಗೆ, ಇಬ್ಬರು ಪ್ರಖ್ಯಾತರ ನಡುವೆ ತರುಣನ ಹೆಸರು ಮಸಕಾಯಿತು. 1967ರಲ್ಲಿ ಸ್ಪಂದಿಸುವ ನಕ್ಷತ್ರದ ಸಂಕೇತವನ್ನು ಮೊದಲು ಗಮನಿಸಿದವರು ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್. 1974ರ ನೊಬೆಲ್ ಪಾರಿತೋಷಕದಲ್ಲಿ ಅವರ ಮಾರ್ಗದರ್ಶಕ ಹ್ಯೂಯಿಷ್ ಅವರಿಗೆ ಪಾಲು ದೊರೆಯಿತು, ಅವರಿಗೆ ದೊರೆಯಲಿಲ್ಲ.

ಇಂತಹ ಅನುಭವಗಳಿಂದ ನಿಯಮಗಳು ಹುಟ್ಟಿದವು. 1978ರಲ್ಲಿ ವ್ಯಾಂಕೂವರ್ ನಗರದಲ್ಲಿ ಕೂಡಿದ ವೈದ್ಯಪತ್ರಿಕೆಗಳ ಸಂಪಾದಕರ ಮಂಡಲಿಯು ಕಾಲಕ್ರಮದಲ್ಲಿ ಕರ್ತೃವಿಗೆ ನಾಲ್ಕು ಲಕ್ಷಣಗಳನ್ನು ವಿಧಿಸಿತು: ಸಂಶೋಧನೆಯ ಕಲ್ಪನೆಗೋ ಸಾಮಗ್ರಿಗೋ ಅದರ ವಿಶ್ಲೇಷಣೆಗೋ ಗಣನೀಯ ಕೊಡುಗೆ, ಬರವಣಿಗೆಯಲ್ಲಿ ಅಥವಾ ವಿಮರ್ಶಾತ್ಮಕ ತಿದ್ದುಪಡಿಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಮತ್ತು ಇಡೀ ಕೃತಿಗೆ ಹೊಣೆ. ಈ ನಾಲ್ಕೂ ಕೂಡಿರಬೇಕು. ಹಣವನ್ನು ಒದಗಿಸಿದ ಮಾತ್ರದಿಂದ ಅಥವಾ ಅಧಿಕಾರದ ಪೀಠದಲ್ಲಿದ್ದ ಮಾತ್ರದಿಂದ ಯಾರೂ ಕರ್ತೃವಾಗುವುದಿಲ್ಲ. ವಾಕ್ಯಗಳನ್ನು ಹೆಣೆಯಬಲ್ಲ ಗಣಕಯಂತ್ರಗಳು ಬಂದ ಮೇಲೆ, 2023ರಲ್ಲಿ ಇದೇ ಮಂಡಲಿಯು ಯಂತ್ರವನ್ನು ಕರ್ತೃವೆಂದು ಹೆಸರಿಸಕೂಡದೆಂದು ಸ್ಪಷ್ಟಪಡಿಸಿತು. ಕಾರಣವು ಸರಳ: ಯಂತ್ರವು ಹೊಣೆ ಹೊರಲಾರದು. ಕರ್ತೃತ್ವದ ತಿರುಳು ಹೊಣೆಯಲ್ಲಿದೆಯೆಂಬುದು ಇದರಿಂದ ಸಿದ್ಧವಾಗುತ್ತದೆ.

ಮತ್ತೊಂದು ಸುಧಾರಣೆಯೆಂದರೆ ಕೆಲಸಗಳನ್ನು ಹದಿನಾಲ್ಕು ಬಗೆಯಾಗಿ ವಿಂಗಡಿಸಿ, ಯಾವುದನ್ನು ಯಾರು ಮಾಡಿದರೆಂದು ಪ್ರಬಂಧದ ಕೊನೆಯಲ್ಲಿ ಹೇಳುವ ಕ್ರಮ. ಕಳೆದ ದಶಕದಿಂದ ಅನೇಕ ಪತ್ರಿಕೆಗಳು ಇದನ್ನು ಅಂಗೀಕರಿಸಿವೆ. ಕಲ್ಪಿಸಿದವರು, ಸಾಮಗ್ರಿಯನ್ನು ಕೂಡಿಸಿದವರು, ಲೆಕ್ಕ ಮಾಡಿದವರು, ಕರಡನ್ನು ಬರೆದವರು, ತಿದ್ದಿದವರು ಎಂದು ಬೇರೆಬೇರೆ ಹೆಸರುಗಳು ಬರುತ್ತವೆ. ಇದು ನವೀನವೆಂದು ಪಶ್ಚಿಮದವರಿಗೆ ತೋರಬಹುದು. ರಚಿಸಿದವನನ್ನೂ ಬರೆದವನನ್ನೂ ಕಂಡರಿಸಿದವನನ್ನೂ ಪ್ರತ್ಯೇಕವಾಗಿ ಹೆಸರಿಸಿದ ನಮ್ಮ ಶಾಸನಗಳನ್ನು ಓದಿದವರಿಗೆ ಇದು ಹಳೆಯ ಪರಿಚಯವೇ.

ಕಡೆಯದಾಗಿ ನಮ್ಮ ಕರ್ತವ್ಯದ ವಿಚಾರ. ಕನ್ನಡ ಸಂಶೋಧನೆಯ ಅಡಿಪಾಯವು ಸಾಮೂಹಿಕ ಶ್ರಮದ ಮೇಲೆ ನಿಂತಿದೆ. ಬಿ. ಎಲ್. ರೈಸರ ಹೆಸರಿನಲ್ಲಿ 1886ರಿಂದ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಗಾಗಿ ಹಳ್ಳಿಹಳ್ಳಿ ತಿರುಗಿ ಅಚ್ಚು ತೆಗೆದವರೂ ಪಾಠವನ್ನು ಓದಿದ ಪಂಡಿತರೂ ಅನೇಕರು. ಆರ್. ನರಸಿಂಹಾಚಾರ್ಯರ ಹೆಸರಿನೊಡನೆ ನಾವು ಸದಾ ಹೇಳುವ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟವು 1907ರಲ್ಲಿ ಎಸ್. ಜಿ. ನರಸಿಂಹಾಚಾರ್ಯರ ಹೆಸರನ್ನೂ ಹೊತ್ತು ಬಂದಿತೆಂಬುದನ್ನು ಇಂದು ನೆನೆಯುವವರು ಕಡಮೆ. ಜಾನಪದ ಸಂಗ್ರಹಗಳಲ್ಲಿ ಹಾಡಿದ ತಾಯಂದಿರ ಹೆಸರು, ಊರು ಬಿದ್ದುಹೋಗಿ ಸಂಗ್ರಾಹಕರ ಹೆಸರು ಮಾತ್ರ ರಟ್ಟಿನ ಮೇಲೆ ಉಳಿದ ಉದಾಹರಣೆಗಳೂ ಇಲ್ಲದಿಲ್ಲ.

ಹೊರನಾಡಿನಲ್ಲಿದ್ದು ಕನ್ನಡದ ಕೆಲಸ ಮಾಡುವವರಿಗೆ ಈ ಎಚ್ಚರವು ಇನ್ನೂ ಅಗತ್ಯ. ನಮ್ಮ ನಗರಗಳಲ್ಲಿ ನೆಲೆಸಿದ ಕನ್ನಡಿಗರ ಚರಿತ್ರೆಯು ಬಹುಮಟ್ಟಿಗೆ ಹಿರಿಯರ ನೆನಪಿನಲ್ಲಿ, ಮನೆಯ ಪೆಟ್ಟಿಗೆಯ ಕಾಗದಪತ್ರಗಳಲ್ಲಿ ಇದೆ. ಅವನ್ನು ಬಿಚ್ಚಿ ತೋರಿಸಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆಯುವುದೂ, ಯಾರ ಸಂಗ್ರಹ, ಯಾರ ಓದು, ಯಾರ ಅನುವಾದ ಎಂಬುದನ್ನು ವಿಂಗಡಿಸಿ ಹೇಳುವುದೂ, ತಪ್ಪಿದ್ದರೆ ಅದು ಲೇಖಕನದೇ ಎಂದು ಒಪ್ಪಿಕೊಳ್ಳುವುದೂ ಸಂಶೋಧಕನಿಗೆ ಶೋಭೆಯನ್ನು ತರುವ ಕಾರ್ಯಗಳು. ಇದಕ್ಕೆ ಹೆಚ್ಚಿನ ಸ್ಥಳವೂ ಬೇಡ, ವ್ಯಯವೂ ಇಲ್ಲ. ಪ್ರಬಂಧದ ಕೊನೆಯಲ್ಲಿ ನಾಲ್ಕು ಪಂಕ್ತಿಗಳು ಸಾಕು. ಬೇಲೂರಿನ ರೂವಾರಿಗೆ ವಿಗ್ರಹದ ಪಾದಪೀಠದಲ್ಲಿ ಒಂದು ಪಂಕ್ತಿಯಷ್ಟು ಎಡೆ ದೊರೆಯಿತು; ಒಂಬೈನೂರು ವರ್ಷಗಳ ಮೇಲೆ ನಾವು ಅವನನ್ನು ಹೆಸರಿಟ್ಟು ಕರೆಯುತ್ತಿರುವುದು ಆ ಒಂದು ಪಂಕ್ತಿಯ ಬಲದಿಂದ.